ಹಿತ್ತಲಲ್ಲಿ 24×12 ಅಡಿ ಈಜುಕೊಳ: ಕರಾವಳಿಯ ಮಳೆ, ಕೆಳಗೆ ಶೇಡಿ ಮಣ್ಣು, ಪಕ್ಕದಲ್ಲೇ ಬಾವಿ. ಹೇಗೆ ಕಟ್ಟಿಸಬೇಕು?

ಹಿತ್ತಲಮನೆ_ಉಡುಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಉಡುಪಿ ತಾಲ್ಲೂಕಿನ ಹಳ್ಳಿಯಲ್ಲಿರುವ ಮನೆಯ ಹಿತ್ತಲಲ್ಲಿ ಈಜುಕೊಳ ಕಟ್ಟಿಸುವ ಯೋಚನೆ ಇದೆ. ಅಳತೆ 24×12 ಅಡಿ. ನೀರಿನ ಆಳ ಒಂದು ತುದಿಯಲ್ಲಿ ಮೂರೂವರೆ ಅಡಿ, ಇನ್ನೊಂದು ತುದಿಯಲ್ಲಿ ಐದು ಅಡಿ. ಜಾಗದ ವಿವರ ಮೊದಲೇ ಕೊಡುತ್ತೇನೆ.

ಪರೀಕ್ಷೆಗೆ ಒಂದು ಗುಂಡಿ ತೋಡಿಸಿ ನೋಡಿದ್ದಾಗಿದೆ. ಮೇಲಿನ ನಾಲ್ಕೈದು ಅಡಿ ಗಟ್ಟಿ ಮುರಕಲ್ಲು (ಕೆಂಪುಕಲ್ಲು), ಕೆಳಗೆ ಶೇಡಿ ಮಣ್ಣು (ಮೆತ್ತಗಿನ ಜೇಡಿಯಂಥ ಮಣ್ಣು). ಕೊಳದ ಜಾಗದಿಂದ 35 ಅಡಿ ದೂರದಲ್ಲಿ ಕುಡಿಯುವ ನೀರಿನ ಬಾವಿ. ಅದರಲ್ಲಿ ಮೇ ತಿಂಗಳಲ್ಲಿ ನೀರು ನೆಲಮಟ್ಟದಿಂದ 28 ಅಡಿ ಕೆಳಗಿರುತ್ತದೆ, ಜುಲೈಯಲ್ಲಿ 3 ಅಡಿಗೆ ಬಂದು ನಿಲ್ಲುತ್ತದೆ. ಮನೆಯ ಗೋಡೆ ಕೊಳದಿಂದ 9 ಅಡಿ ದೂರ, ಪಂಚಾಂಗದ (ಅಡಿಪಾಯದ) ಆಳ 3 ಅಡಿ. ಹಿಂದೆ 60 ಅಡಿ ಆಚೆ ಗದ್ದೆ ಇದೆ, ಹಿತ್ತಲಿಗಿಂತ 5 ಅಡಿ ತಗ್ಗು. ಎರಡು ತೆಂಗಿನ ಮರ ಕೊಳದ ಅಂಚಿಗೆ 10 ಅಡಿಯೊಳಗೆ ಬರುತ್ತವೆ.

ಮೇಸ್ತ್ರಿಯವರು ಹೇಳುವುದು: ಕೆಂಪುಕಲ್ಲಿನ ಗೋಡೆ ಕಟ್ಟಿ, ವಾಟರ್‌ಪ್ರೂಫ್ ಪುಡಿ ಹಾಕಿ ಗಾರೆ ಮಾಡಿದರೆ ಸಾಕು, ಖರ್ಚು ಅರ್ಧ ಉಳಿಯುತ್ತದೆ. ಇನ್ನೊಬ್ಬರು ಫೈಬರ್‌ಗ್ಲಾಸ್‌ನ ರೆಡಿಮೇಡ್ ಕೊಳ ತಂದು ವಾರದೊಳಗೆ ಇಟ್ಟುಕೊಡುತ್ತೇವೆ ಅನ್ನುತ್ತಾರೆ. ಆರ್‌ಸಿಸಿ ಬೇಕೇಬೇಕೆ? ಫಿಲ್ಟರ್, ಪಂಪ್ ಎಷ್ಟು ದೊಡ್ಡದಿರಬೇಕು? ಬಾವಿ ನೀರನ್ನೇ ತುಂಬಿಸಬಹುದೇ? ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಕಂಬಿ_ಕಾಂಕ್ರೀಟ್

ವಿವರ ಚೆನ್ನಾಗಿ ಕೊಟ್ಟಿದ್ದೀರಿ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಖ್ಯೆ ಜುಲೈಯಲ್ಲಿ ಬಾವಿ ನೀರು ಬಂದು ನಿಲ್ಲುವ ಆ 3 ಅಡಿ. ಕೊಳದ ಒಳಗಿನ ನೀರು ಸೋರದಂತೆ ನೋಡಿಕೊಳ್ಳುವುದಕ್ಕೇ ಎಲ್ಲರೂ ಗಮನ ಕೊಡುತ್ತಾರೆ. ನಮ್ಮ ಕರಾವಳಿಯಲ್ಲಿ ಕೊಳವನ್ನು ಹಾಳು ಮಾಡುವುದು ಹೆಚ್ಚಾಗಿ ಹೊರಗಿನ ನೀರು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಯಾವುದೋ ಕಾರಣಕ್ಕೆ ಕೊಳ ಖಾಲಿ ಮಾಡಿದರೆ ಸುತ್ತಲಿನ ಅಂತರ್ಜಲ ಅದನ್ನು ದೋಣಿಯಂತೆ ಮೇಲಕ್ಕೆತ್ತುತ್ತದೆ. ಒಂದು ಮೂಲೆ ಎರಡು ಇಂಚು ಎದ್ದರೂ ಪೈಪ್‌ಗಳು ಮುರಿಯುತ್ತವೆ, ತಳ ಬಿರಿಯುತ್ತದೆ. ಆಮೇಲೆ ಅದನ್ನು ಮೊದಲಿನ ಜಾಗಕ್ಕೆ ಕೂರಿಸಲು ಆಗುವುದಿಲ್ಲ.

ನಿಮ್ಮ ಅಳತೆಗೇ ಲೆಕ್ಕ ಹಾಕೋಣ. ಗೋಡೆ, ತಳ ಎರಡೂ 200 ಮಿ.ಮೀ. ದಪ್ಪ ಅಂದುಕೊಳ್ಳಿ. ಹೊರ ಅಳತೆ 7.7×4.06 ಮೀಟರ್, ಅಂದರೆ 31.3 ಚದರ ಮೀಟರ್. ಕಾಂಕ್ರೀಟ್ ಸುಮಾರು 13 ಘನ ಮೀಟರ್, ತೂಕ 32–33 ಟನ್. ಗಾರೆ, ಟೈಲ್ ಸೇರಿದರೆ ಒಟ್ಟು 39 ಟನ್. ಕೊಳದ ಮೇಲಂಚು ನೆಲಮಟ್ಟಕ್ಕೇ ಇದ್ದು ನೀರು ಅಲ್ಲಿಯವರೆಗೂ ಏರಿತು ಅನ್ನಿ. ಆಗ ತಳದ ಕೆಳಮೈ ಸರಾಸರಿ 1.7 ಮೀಟರ್ ಆಳದಲ್ಲಿರುತ್ತದೆ, ಮೇಲೆತ್ತುವ ಬಲ 31.3×1.7 = 53 ಟನ್. ಖಾಲಿ ಕೊಳ 39 ಟನ್, ಎತ್ತುವ ಬಲ 53 ಟನ್. ತುಂಬಿದ ಕೊಳಕ್ಕೆ ಈ ಭಯವಿಲ್ಲ, ಒಳಗೆ 34–35 ಟನ್ ನೀರು ಇರುತ್ತದಲ್ಲ.

ಇದಕ್ಕೆ ಮೂರು ಉಪಾಯಗಳಿವೆ. ನಿಮ್ಮ ಜಾಗಕ್ಕೆ ಮೂರೂ ಬೇಕು.

ಒಂದು, ಕೊಳವನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿ ಕಟ್ಟಿ. ಎತ್ತುವ ಬಲ 53ರಿಂದ 39 ಟನ್ನಿಗೆ ಇಳಿಯುತ್ತದೆ. ಮಳೆಯಲ್ಲಿ ಹಿತ್ತಲ ಕೆಂಪು ನೀರು ಕೊಳಕ್ಕೆ ನುಗ್ಗುವುದೂ ತಪ್ಪುತ್ತದೆ, ಅಗೆತವೂ ಕಡಿಮೆ.

ಎರಡು, ತಳದ ಸ್ಲ್ಯಾಬನ್ನು ಗೋಡೆಯಿಂದ ಹೊರಗೆ ಸುತ್ತಲೂ 300 ಮಿ.ಮೀ. ಚಾಚಿಸಿ. ಆ ಚಾಚಿನ ಮೇಲೆ ಕೂರುವ ಮಣ್ಣು ಕೊಳವನ್ನು ಒತ್ತಿ ಹಿಡಿಯುತ್ತದೆ. ನೀರಲ್ಲಿ ಮುಳುಗಿದ ಮಣ್ಣಿನ ತೂಕವನ್ನು ಘನ ಮೀಟರಿಗೆ 0.9 ಟನ್ ಮಾತ್ರ ಹಿಡಿದರೂ ಚಾಚಿನಿಂದ 9 ಟನ್ ಸೇರುತ್ತದೆ. ಒಟ್ಟು 48ಕ್ಕೆ 39, ಅಂದರೆ 1.2 ಪಟ್ಟು ಸುರಕ್ಷತೆ. ಇದಕ್ಕಿಂತ ಕಡಿಮೆಗೆ ಒಪ್ಪಬೇಡಿ. ಎತ್ತರಿಸದೆ ಬರೀ ಚಾಚನ್ನೇ 450 ಮಿ.ಮೀ. ಮಾಡಿದರೂ 1.1ಕ್ಕಿಂತ ಮೇಲೆ ಹೋಗುವುದಿಲ್ಲ.

ಮೂರು, ತಳದ ಕೆಳಗೆ 150 ಮಿ.ಮೀ. ದಪ್ಪಕ್ಕೆ 40 ಮಿ.ಮೀ. ಜಲ್ಲಿ ಹರಡಿ. ಜಲ್ಲಿಯ ಅಡಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಲೇಬೇಕು, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ಶೇಡಿ ಕರಗಿ ಬಂದು ಜಲ್ಲಿಯ ಸಂದು ಮುಚ್ಚುತ್ತದೆ. ಕೊಳದ ಸುತ್ತ 110 ಮಿ.ಮೀ. ತೂತಿನ ಪೈಪ್ ಹಾಕಿ, ಅದನ್ನು ನೆಲದಿಂದ 4 ಅಡಿ ಕೆಳಗಿನ ಮಟ್ಟದಲ್ಲಿ ಹೊರಡಿಸಿ ಗದ್ದೆಯ ಕಡೆಗೆ ಒಯ್ಯಿರಿ. ನೂರಕ್ಕೆ ಒಂದರಂತೆ ಇಳಿಜಾರು ಕೊಟ್ಟರೂ 60 ಅಡಿಯಲ್ಲಿ 0.6 ಅಡಿ ಮಾತ್ರ ಇಳಿಯುತ್ತದೆ. ಗದ್ದೆ 5 ಅಡಿ ತಗ್ಗಿರುವುದರಿಂದ ಪಂಪ್ ಇಲ್ಲದೆ ನೀರು ತಾನಾಗಿ ಹರಿಯುತ್ತದೆ. ಹೀಗೆ ಹರಿಯುವ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ, ಬಿಡಬೇಡಿ. ಪೈಪ್‌ನ ಒಂದು ಮೂಲೆಯಲ್ಲಿ ನೆಲದವರೆಗೆ ನೆಟ್ಟಗಿನ ಕೊಳವೆ ಬಿಟ್ಟರೆ ಒಳಗಿನ ನೀರಿನ ಮಟ್ಟ ಅಳೆಯಬಹುದು, ಹೂಳು ಕಟ್ಟಿದರೆ ನೀರು ಹಾಯಿಸಿ ತೊಳೆಯಬಹುದು.

ಈಗ ಗೋಡೆಯ ವಿಷಯ. ಮನೆಗೆ ಕೆಂಪುಕಲ್ಲು ಒಳ್ಳೆಯದು, ಕೊಳಕ್ಕೆ ಬೇಡ. ಐದು ಅಡಿ ನೀರಿನ ಬುಡದಲ್ಲಿ ಚದರ ಮೀಟರಿಗೆ ಒಂದೂವರೆ ಟನ್ ಒತ್ತಡ ಇರುತ್ತದೆ. ತುಂಬಿದ್ದಾಗ ಒಳಗಿನಿಂದ ಹೊರಕ್ಕೆ, ಖಾಲಿಯಾದಾಗ ಹೊರಗಿನಿಂದ ಒಳಕ್ಕೆ ಗೋಡೆ ಬಾಗುತ್ತದೆ. ಹಾಗೆ ಬಾಗಿದಾಗ ಎಳೆತವನ್ನು ತಡೆದುಕೊಳ್ಳಲು ಕಲ್ಲಿನ ಗೋಡೆಯಲ್ಲಿ ಏನೂ ಇಲ್ಲ. ಗಾರೆ ಎಷ್ಟೇ ಒಳ್ಳೆಯದಿರಲಿ, ಗೋಡೆ ಕೂದಲೆಳೆಯಷ್ಟು ಅಲುಗಿದರೆ ಅದೂ ಬಿರಿಯುತ್ತದೆ. ಬಿರುಕಿನಿಂದ ನುಗ್ಗಿದ ನೀರು ಕಲ್ಲಿನ ತೂತುಗಳಲ್ಲಿ ಎಲ್ಲೆಲ್ಲೋ ಹರಿದು ಹೋಗುವುದರಿಂದ ಸೋರಿಕೆಯ ಜಾಗ ಪತ್ತೆ ಮಾಡುವುದೂ ಆಗುವುದಿಲ್ಲ. ಎರಡನೆಯ ಬಾರಿ ಕಟ್ಟಿಸುವ ಖರ್ಚು ಸೇರಿಸಿದರೆ ಮೇಸ್ತ್ರಿಯವರು ಹೇಳಿದ ಉಳಿತಾಯ ಉಳಿಯುವುದಿಲ್ಲ.

ಆರ್‌ಸಿಸಿ ವಿವರ: ಎಂ30 ಕಾಂಕ್ರೀಟ್, ನೀರು-ಸಿಮೆಂಟ್ ಅನುಪಾತ 0.45ಕ್ಕಿಂತ ಹೆಚ್ಚಿರಬಾರದು. ನೀರು ನಿಲ್ಲುವ ಕಟ್ಟಡಗಳಿಗೆ ಐಎಸ್ 3370 ಸಂಹಿತೆ ಇದೆ, ನಕ್ಷೆ ಮಾಡುವ ಇಂಜಿನಿಯರಿಗೆ ಅದರಂತೆ, ಕೊಳ ಖಾಲಿ ಇರುವ ಮತ್ತು ತುಂಬಿರುವ ಎರಡೂ ಸ್ಥಿತಿಗೆ ಲೆಕ್ಕ ಮಾಡಲು ಹೇಳಿ. ಸಾಮಾನ್ಯವಾಗಿ ಈ ಅಳತೆಗೆ 10 ಮಿ.ಮೀ. ಕಂಬಿ 150 ಮಿ.ಮೀ. ಅಂತರದಲ್ಲಿ, ಎರಡು ಜಾಲರಿ, 45 ಮಿ.ಮೀ. ಕವರ್ (ಕಂಬಿಯ ಮೇಲಿನ ಕಾಂಕ್ರೀಟ್ ಹೊದಿಕೆ) ಬರುತ್ತದೆ. ಚಾಚು ಸೇರಿ ಕಾಂಕ್ರೀಟ್ 14–15 ಘನ ಮೀಟರ್, ಕಂಬಿ ಸುಮಾರು 1.3 ಟನ್, ಅಡಿಗೆ 100 ಮಿ.ಮೀ. ಪಿಸಿಸಿ (ಕಂಬಿಯಿಲ್ಲದ ಕಾಂಕ್ರೀಟ್) 4 ಘನ ಮೀಟರ್. ದರ ಊರಿಂದ ಊರಿಗೆ ಬೇರೆ ಇರುವುದರಿಂದ ಈ ಪ್ರಮಾಣ ಇಟ್ಟುಕೊಂಡು ನಿಮ್ಮಲ್ಲೇ ವಿಚಾರಿಸಿ.

ಸೋರಿಕೆ ಶುರುವಾಗುವುದು ಹೆಚ್ಚಾಗಿ ತಳ ಮತ್ತು ಗೋಡೆ ಕೂಡುವಲ್ಲಿ. ತಳ ಹಾಕುವಾಗಲೇ ಗೋಡೆಯ ಮೊದಲ 150 ಮಿ.ಮೀ. ಅನ್ನೂ ಜೊತೆಗೇ ಎರಕ ಹೊಯ್ಯಬೇಕು. ಕೂಡುವ ಜಾಗ ಹೀಗೆ ತಳದಿಂದ ಮೇಲಕ್ಕೆ ಹೋಗುತ್ತದೆ. ಅಲ್ಲಿ 150 ಮಿ.ಮೀ. ಅಗಲದ ಪಿವಿಸಿ ವಾಟರ್‌ಸ್ಟಾಪ್ ಪಟ್ಟಿ ಅರ್ಧ ಕೆಳಗೆ, ಅರ್ಧ ಮೇಲೆ ಹೂತಿರಬೇಕು. ಪಟ್ಟಿಯನ್ನು ತಂತಿಯಿಂದ ಕಂಬಿಗೆ ಕಟ್ಟದಿದ್ದರೆ ಕಾಂಕ್ರೀಟ್ ಸುರಿಯುವಾಗ ಅದು ಮಗುಚಿಕೊಂಡು ಬಿಡುತ್ತದೆ, ಆಮೇಲೆ ಇದ್ದೂ ಇಲ್ಲದ ಹಾಗೆ. ಗೋಡೆಯನ್ನು ಸುತ್ತಲೂ ಒಂದೇ ದಿನ, ಒಂದೇ ಬಾರಿಗೆ ಮುಗಿಸಿ. ಶಟರಿಂಗ್ (ಎರಕದ ಅಚ್ಚಿನ ಹಲಗೆ) ಹಿಡಿಯಲು ಗೋಡೆಯ ಆರಪಾರ ಪಿವಿಸಿ ಕೊಳವೆ ತೂರಿಸುವ ಅಭ್ಯಾಸ ಇದೆ, ಕೊಳಕ್ಕೆ ಅದು ಕೂಡದು. ಆ ತೂತುಗಳನ್ನು ಮುಚ್ಚಿದ ಗಾರೆ ಒಣಗಿ ಕುಗ್ಗುತ್ತದೆ, ನೀರು ಅಲ್ಲಿಂದಲೇ ಹೊರಡುತ್ತದೆ. ಕ್ಯೂರಿಂಗ್ 14 ದಿನಕ್ಕೆ ಕಡಿಮೆ ಬೇಡ. ತಳದಲ್ಲಿ ನೀರು ಕಟ್ಟಿ ನಿಲ್ಲಿಸಿ, ಗೋಡೆಗೆ ಒದ್ದೆ ಗೋಣಿ ಹೊದೆಸಿ.

ಶೇಡಿಯ ಬಗ್ಗೆ ಒಂದು ಎಚ್ಚರಿಕೆ. ಒಣಗಿದ್ದಾಗ ಅದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೀರು ಕುಡಿದರೆ ಮೊಸರಿನಂತೆ ಜಾರುತ್ತದೆ. ನಿಮ್ಮ ಅಗೆತ ಕಡಿಮೆ ಆಳದ ತುದಿಯಲ್ಲಿ ಸುಮಾರು 4.2 ಅಡಿ, ಹೆಚ್ಚು ಆಳದ ತುದಿಯಲ್ಲಿ 5.6 ಅಡಿ ಆಗುತ್ತದೆ. ಅಂದರೆ ಒಂದು ತುದಿ ಮುರಕಲ್ಲಿನ ಮೇಲೆ, ಇನ್ನೊಂದು ಶೇಡಿಯ ಮೇಲೆ ಕೂರುವ ಸಂಭವ ಇದೆ. ಮೆತ್ತಗಿನ ತುದಿ ಕುಸಿದರೆ ಕೊಳದ ನಡುವಿನಲ್ಲಿ ಅಡ್ಡ ಬಿರುಕು ಬೀಳುತ್ತದೆ. ಆದ್ದರಿಂದ ಮುರಕಲ್ಲಿನ ಭಾಗದಲ್ಲೂ ಆರು ಇಂಚು ಹೆಚ್ಚಿಗೆ ತೆಗೆದು ಜಲ್ಲಿಯ ಹಾಸನ್ನು ಎರಡೂ ಕಡೆ ಮುಂದುವರಿಸಿ. ಶೇಡಿಯಲ್ಲಿ ಕಾಲು ಹೂಳುವಂಥ ಜಾಗ ಸಿಕ್ಕಿದರೆ ಅಷ್ಟನ್ನೂ ತೆಗೆದು ಬಡ ಕಾಂಕ್ರೀಟ್ (ಸಿಮೆಂಟ್ ಕಡಿಮೆ ಇರುವ ಕಾಂಕ್ರೀಟ್) ತುಂಬಿ. ಮನೆಯ ಕಡೆ ಕೆಲಸದ ಜಾಗ ಬಿಟ್ಟು ಗುಂಡಿಯ ಅಂಚು ಪಂಚಾಂಗದಿಂದ 6 ಅಡಿ ದೂರ ಉಳಿಯುತ್ತದೆ. ಗುಂಡಿಯ ತಳ ಪಂಚಾಂಗಕ್ಕಿಂತ 2.6 ಅಡಿ ಮಾತ್ರ ಆಳ, ತೊಂದರೆ ಇಲ್ಲ. ಆದರೆ ಕೆಲಸ ಜನವರಿಯಲ್ಲಿ ಶುರುವಾಗಬೇಕು. ಪತ್ತನಾಜೆಯ (ಮೇ ಕೊನೆಯ ವಾರ) ಹೊತ್ತಿಗೆ ಸುತ್ತ ಮಣ್ಣು ತುಂಬಿ, ಕೊಳಕ್ಕೆ ನೀರೂ ತುಂಬಿರಬೇಕು. ಅರ್ಧ ಕಟ್ಟಿದ ಖಾಲಿ ಕೊಳ, ಸುತ್ತ ತುಂಬದ ಗುಂಡಿ, ಮೇಲೆ ಜೂನ್ ಮಳೆ: ತೇಲುವುದು ಹೀಗೆಯೇ. ಮಳೆ ಮುಂಚೆ ಬಂದರೆ ಟೈಲ್ ಆಗಿರಲಿ ಬಿಡಲಿ, ಮೊದಲು ಕೊಳಕ್ಕೆ ನೀರು ಬಿಡಿ.

ನೀಲಿಟೈಲ್

ಫೈಬರ್‌ಗ್ಲಾಸ್ ಬಗ್ಗೆ ಮೇಲಿನವರು ಹೇಳಲಿಲ್ಲ, ಲೆಕ್ಕ ಅದೇ. ಈ ಅಳತೆಯ ಫೈಬರ್ ತೊಟ್ಟಿಯ ತೂಕ ಒಂದು ಟನ್ನಿನ ಆಸುಪಾಸು. ನೀರು ಮೇಲಿರುವ ಜಾಗದಲ್ಲಿ ಅದನ್ನು ಹಿಡಿದಿಡುವುದು ಒಳಗಿನ ನೀರೊಂದೇ. ಬಯಲುಸೀಮೆಯ ಒಣ ನೆಲಕ್ಕೆ ಅದು ಒಳ್ಳೆಯ ಆಯ್ಕೆ, ಇಲ್ಲಿಗಲ್ಲ. ಇನ್ನೊಂದು ಸುಲಭ ದಾರಿ ಇದೆಯಲ್ಲ: ಮುಖ್ಯ ಡ್ರೈನಿನ ಗುಂಡಿಯಲ್ಲಿ ಹೈಡ್ರೋಸ್ಟಾಟಿಕ್ ವಾಲ್ವ್ ಕೂರಿಸಿದರೆ ಹೊರಗಿನ ಒತ್ತಡ ಹೆಚ್ಚಾದಾಗ ಅದು ತಾನೇ ತೆರೆದು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದಿದ್ದರೆ ಚಾಚು, ಎತ್ತರಿಸುವುದು ಇಷ್ಟೆಲ್ಲ ಬೇಕೇ?

ಕಂಬಿ_ಕಾಂಕ್ರೀಟ್

ವಾಲ್ವ್ ಹಾಕಿ, ಬೇಡ ಅನ್ನುವುದಿಲ್ಲ. ಅದೊಂದನ್ನೇ ನಂಬಬಾರದು. ವರ್ಷಗಟ್ಟಲೆ ಮುಚ್ಚಿಕೊಂಡೇ ಇದ್ದು, ಬೇಕಾದ ಒಂದೇ ಒಂದು ದಿನ ಅದು ತೆರೆಯಬೇಕು. ಅಷ್ಟರಲ್ಲಿ ಕೆಳಗಿನಿಂದ ಶೇಡಿಯ ಹೂಳು ಕಟ್ಟಿರುತ್ತದೆ. ತೆರೆದರೂ ಸೀಟಿನ ಮೇಲೆ ಒಂದು ಕಾಳು ಮರಳು ಸಿಕ್ಕಿದರೆ ಮತ್ತೆ ಪೂರ್ತಿ ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಅಲ್ಲಿಂದಲೇ ಕೊಳದ ನೀರು ಇಳಿಯುತ್ತದೆ. ಸೋರುವ ಜಾಗ ಹುಡುಕುವವರು ಗೋಡೆಯನ್ನೆಲ್ಲ ಕೆರೆದು ನೋಡುತ್ತಾರೆ, ವಾಲ್ವನ್ನು ನೋಡುವುದಿಲ್ಲ. ತೂಕವೇ ಆಧಾರ, ತೂತಿನ ಪೈಪ್ ಅದಕ್ಕೆ ಸಹಾಯ, ವಾಲ್ವ್ ಕೊನೆಯದು.

ಪಂಪುಮನೆ

ಫಿಲ್ಟರ್, ಪೈಪ್ ವಿಷಯ ನಾನು ಬರೆಯುತ್ತೇನೆ. ಕೊಳದ ನೀರು 24×12×4.25 ಅಡಿ, ಅಂದರೆ ಸುಮಾರು 34,700 ಲೀಟರ್. ಮನೆಯ ಕೊಳಕ್ಕೆ ನಾಲ್ಕರಿಂದ ಆರು ಗಂಟೆಯಲ್ಲಿ ಅಷ್ಟೂ ನೀರು ಒಮ್ಮೆ ಫಿಲ್ಟರ್ ಹಾದು ಬರಬೇಕು. 500 ಮಿ.ಮೀ. ವ್ಯಾಸದ ಮರಳಿನ ಫಿಲ್ಟರ್ ಗಂಟೆಗೆ 7.5–8 ಸಾವಿರ ಲೀಟರ್ ಸೋಸುತ್ತದೆ, ನಾಲ್ಕೂವರೆ ಗಂಟೆಗೆ ಒಂದು ಸುತ್ತು. ಅದಕ್ಕೆ ಮುಕ್ಕಾಲು ಎಚ್‌ಪಿ ಪಂಪ್ ಸಾಕು, ದಿನಕ್ಕೆ 6 ಗಂಟೆ ಓಡಿಸಿದರೆ ಸುಮಾರು 5 ಯೂನಿಟ್ ಕರೆಂಟ್. ಅಂಗಡಿಯವರು ಒಂದೂವರೆ ಎಚ್‌ಪಿ ಕೊಟ್ಟು 'ಇನ್ನೂ ಒಳ್ಳೆಯದು' ಅನ್ನಬಹುದು. ತೆಗೆದುಕೊಳ್ಳಬೇಡಿ. ನೀರು ವೇಗವಾಗಿ ನುಗ್ಗಿದರೆ ಮರಳು ಕೊಳೆಯನ್ನು ಹಿಡಿಯುವುದಿಲ್ಲ, ಸಣ್ಣ ಕಣಗಳು ಹಾದು ಮತ್ತೆ ಕೊಳಕ್ಕೇ ಬರುತ್ತವೆ. ಮರಳೂ ಹೊಳೆಯದ್ದಲ್ಲ, 0.5ರಿಂದ 1 ಮಿ.ಮೀ. ಸಿಲಿಕಾ ಮರಳು, 85 ಕೆ.ಜಿ. ಹತ್ತಿರ ಹಿಡಿಯುತ್ತದೆ. ಸುರಿಯುವ ಮುಂಚೆ ಟ್ಯಾಂಕಿಗೆ ಅರ್ಧ ನೀರು ತುಂಬಿ, ಇಲ್ಲದಿದ್ದರೆ ಬೀಳುವ ಮರಳಿಗೆ ತಳದ ಸೀಳು ಕೊಳವೆಗಳು ಮುರಿಯುತ್ತವೆ.

ಎಳೆಯುವ ಕಡೆ 63 ಮಿ.ಮೀ., ಮರಳಿ ಬರುವ ಕಡೆ 50 ಮಿ.ಮೀ. ಪಿವಿಸಿ ಪೈಪ್, 10 ಕೆ.ಜಿ. ಒತ್ತಡದ ದರ್ಜೆಯದು. ಕಾಂಕ್ರೀಟ್ ಹಾಕುವ ಮುಂಚೆ ಎಲ್ಲ ಪೈಪ್‌ಗೆ ನೀರು ತುಂಬಿ 2–3 ಬಾರ್ ಒತ್ತಡದಲ್ಲಿ ಒಂದು ದಿನ ಇಡಿ, ಕಾಂಕ್ರೀಟ್ ಹಾಕುವಾಗಲೂ ಒತ್ತಡದಲ್ಲೇ ಇರಲಿ. ವೈಬ್ರೇಟರ್ ತಗುಲಿ ಪೈಪ್ ಒಡೆದರೆ ಒತ್ತಡದ ಮೀಟರ್ ಮುಳ್ಳು ಆಗಲೇ ಹೇಳುತ್ತದೆ. ಗೋಡೆ ದಾಟುವ ಪ್ರತಿ ಪೈಪ್‌ಗೂ ಪಡಲ್ ಫ್ಲೇಂಜ್ (ಪೈಪ್ ಸುತ್ತ ನೀರು ಜಿನುಗದಂತೆ ತಡೆಯುವ ಚಪ್ಪಟೆ ಬಳೆ) ಬೇಕು.

ಸ್ಕಿಮ್ಮರ್ (ಮೇಲೆ ತೇಲುವ ಕಸವನ್ನು ಎಳೆದುಕೊಳ್ಳುವ ಬಾಯಿ) ಒಂದು ಸಾಕು, ಎಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ನಿಮ್ಮಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದ ಕಡಲಿನಿಂದ ಬರುತ್ತದೆ, ತೇಲುವ ಎಲೆಯೆಲ್ಲ ಪೂರ್ವದ ಗೋಡೆಗೆ ಸೇರುತ್ತದೆ. ಸ್ಕಿಮ್ಮರ್ ಪೂರ್ವಕ್ಕೆ, ನೀರು ಮರಳಿ ಬರುವ ಬಾಯಿಗಳು ಪಶ್ಚಿಮಕ್ಕೆ. ನಕ್ಷೆ ಮಾಡುವವರು ಚಂದ ನೋಡಿ ತಿರುಗಾಮುರುಗಾ ಮಾಡಿದರೆ ವರ್ಷವಿಡೀ ಬಲೆ ಹಿಡಿದು ಎಲೆ ಎತ್ತುವ ಕೆಲಸ ನಿಮ್ಮದು. ಆ ಎರಡು ತೆಂಗಿನ ಮರದ ಬಗ್ಗೆಯೂ ಯೋಚಿಸಿ. ಗರಿ ಹರಡುವುದು 12–15 ಅಡಿ, ಕೊಳ ಅದರ ಹೊರಗಿರಬೇಕು. ಕಸಕ್ಕಿಂತ ಕಾಯಿ ಬೀಳುವ ಅಪಾಯ ದೊಡ್ಡದು.

ತಳದ ಡ್ರೈನ್ ಮಾತ್ರ ಎರಡು ಇರಲೇಬೇಕು, ನಡುವೆ ಕನಿಷ್ಠ 3 ಅಡಿ ಅಂತರ, ಎರಡೂ ಒಂದೇ ಪೈಪ್‌ಗೆ ಸೇರಬೇಕು. ಒಂದೇ ಡ್ರೈನ್ ಇದ್ದು ಅದರ ಮೇಲೆ ಮಗುವಿನ ಮೈ ಮುಚ್ಚಿದರೆ ಪಂಪ್‌ನ ಎಳೆತವೆಲ್ಲ ಅಲ್ಲೇ ಬೀಳುತ್ತದೆ, ದೊಡ್ಡವರು ಹಿಡಿದೆಳೆದರೂ ಬಿಡಿಸಲಾಗುವುದಿಲ್ಲ. ಉಬ್ಬಿದ, ಕೂದಲು ಸಿಕ್ಕದ ಮುಚ್ಚಳವನ್ನೇ ಹಾಕಿ, ಸ್ಕ್ರೂ ಸ್ಟೇನ್‌ಲೆಸ್ ಇರಲಿ. ಮುಚ್ಚಳ ಒಡೆದ ದಿನ ಪಂಪ್ ನಿಲ್ಲಿಸಬೇಕು, ಕೊಳಕ್ಕೆ ಯಾರೂ ಇಳಿಯಬಾರದು.

ಪಂಪ್ ರೂಮನ್ನು ನೆಲದಡಿಯಲ್ಲಿ ಮಾಡಬೇಡಿ, ಜುಲೈಯಲ್ಲಿ ಮೋಟಾರ್ ಮುಳುಗುತ್ತದೆ. ಕೊಳ ಒಂದೂವರೆ ಅಡಿ ಎತ್ತರಿಸಿದರೆ ನೀರಿನ ಮಟ್ಟವೇ ನೆಲದಿಂದ ಒಂದು ಅಡಿ ಮೇಲಿರುತ್ತದೆ, ನೆಲದ ಮೇಲಿನ ಪಂಪ್‌ಗೆ ನೀರು ಸುಲಭವಾಗಿ ಸಿಗುತ್ತದೆ. ಪಂಪ್‌ನ ಮುಂದೆ, ಹಿಂದೆ ಎರಡೂ ಕಡೆ ವಾಲ್ವ್ ಬೇಕು, ಇಲ್ಲದಿದ್ದರೆ ಜಾಲರಿ ತೊಳೆಯಲು ಮುಚ್ಚಳ ತೆರೆದಾಗ ಕೊಳದ ನೀರು ರೂಮಿಗೆ ಬರುತ್ತದೆ. ಒಳಗಿನ ದೀಪಗಳು 12 ವೋಲ್ಟಿನವು, ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಮೂಲಕ. ಇಡೀ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್). ಕೊಳದ ಕಂಬಿ, ಏಣಿ, ಕಂಬಿಬೇಲಿ ಎಲ್ಲವನ್ನೂ ತಾಮ್ರದ ತಂತಿಯಿಂದ ಒಂದಕ್ಕೊಂದು ಸೇರಿಸಿ ಅರ್ಥಿಂಗಿಗೆ ಕೊಡಬೇಕು. ಇದನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ಮಾಡಬೇಕು, ಆಮೇಲೆ ಕಂಬಿ ಸಿಗುವುದಿಲ್ಲ.

ಹಿತ್ತಲಮನೆ_ಉಡುಪಿ

ಎಲ್ಲರಿಗೂ ತುಂಬ ಧನ್ಯವಾದ. ಕೊಳವನ್ನು ತೆಂಗಿನ ಮರದಿಂದ ಆಚೆಗೆ ಸರಿಸಬಹುದು, ಜಾಗ ಇದೆ. ಬಾವಿ ನೀರಿನ ಪರೀಕ್ಷೆ ಮಾಡಿಸಿದ್ದೇವೆ: ಪಿಎಚ್ 6.0, ಕ್ಷಾರೀಯತೆ 20, ಗಡಸುತನ 25, ಕಬ್ಬಿಣ 0.8 (ಪಿಎಚ್ ಬಿಟ್ಟು ಉಳಿದವು ಲೀಟರಿಗೆ ಮಿಲಿಗ್ರಾಂ). ಕುಡಿಯಲು ರುಚಿಯಾದ ನೀರು. ನೇರವಾಗಿ ತುಂಬಿಸಬಹುದಲ್ಲ? ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕೇ?

ನೀರಿನಳತೆ

ತುಂಬಿಸಬಹುದು, ಆದರೆ ಸರಿಪಡಿಸದೆ ಬಿಟ್ಟರೆ ಈ ನೀರು ನಿಮ್ಮ ಕೊಳವನ್ನು ತಿನ್ನುತ್ತದೆ. ಮುರಕಲ್ಲಿನ ನೆಲದ ಬಾವಿ ನೀರು ಹೀಗೇ ಮೆದು, ಹುಳಿ. ನೀರಿಗೆ ಬೇಕಾದ ಸುಣ್ಣ ಅದರಲ್ಲಿ ಇಲ್ಲದಿದ್ದರೆ ಟೈಲ್ ಸಂದಿನ ಸಿಮೆಂಟಿನಿಂದ ಎಳೆದುಕೊಳ್ಳುತ್ತದೆ. ವರ್ಷದೊಳಗೆ ಸಂದು ಒರಟಾಗಿ ಮರಳು ಉದುರುತ್ತದೆ.

ಗುರಿ ಇದು: ಪಿಎಚ್ 7.2ರಿಂದ 7.6, ಕ್ಷಾರೀಯತೆ 80–120, ಕ್ಯಾಲ್ಸಿಯಂ ಗಡಸುತನ 200ಕ್ಕೆ ಮೇಲೆ, ಕ್ಲೋರಿನ್ 1ರಿಂದ 3. ನಿಮ್ಮ 35 ಸಾವಿರ ಲೀಟರಿಗೆ ಲೆಕ್ಕ ಹೀಗೆ ಬರುತ್ತದೆ.

ಮೊದಲು ಅಡುಗೆ ಸೋಡಾ (ಸೋಡಿಯಂ ಬೈಕಾರ್ಬೊನೇಟ್). ಕ್ಷಾರೀಯತೆಯನ್ನು 20ರಿಂದ 90ಕ್ಕೆ ಏರಿಸಲು 4 ಕೆ.ಜಿ. ಎರಡು ದಿನದಲ್ಲಿ ಎರಡೆರಡು ಕೆ.ಜಿ.ಯಂತೆ ಬಕೆಟಿನಲ್ಲಿ ಕರಗಿಸಿ ಹಾಕಿ. ಬಾವಿ ನೀರಿನ ಹುಳಿಗೆ ಹೆಚ್ಚಿನ ಪಾಲು ಕಾರಣ ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್. ಮರಳಿ ಬರುವ ಬಾಯಿಗಳನ್ನು ಮೇಲ್ಮುಖ ಮಾಡಿ ನೀರು ಚಿಮ್ಮುವಂತೆ ಎರಡು ದಿನ ಪಂಪ್ ಓಡಿಸಿದರೆ ಅದು ಹಾರಿಹೋಗಿ ಪಿಎಚ್ ತಾನಾಗಿ ಮೇಲೇರುತ್ತದೆ. ಪಿಎಚ್ ಏರಿಸುವ ಸೋಡಾ ಆಷ್ ತಂದು ಸುರಿಯುವ ಆತುರ ಬೇಡ.

ಆಮೇಲೆ ಕಬ್ಬಿಣ. 0.8 ಅಂದರೆ ಇಡೀ ಕೊಳದಲ್ಲಿ 28 ಗ್ರಾಂ. ಕಡಿಮೆ ಅನ್ನಿಸಬಹುದು, ಆದರೆ ಕ್ಲೋರಿನ್ ಹಾಕಿದ ಗಂಟೆಯೊಳಗೆ ಕೊಳದ ನೀರು ಚಹಾದ ಬಣ್ಣಕ್ಕೆ ತಿರುಗಲು ಅಷ್ಟು ಸಾಕು. ಗಾಬರಿಯಾಗಬೇಡಿ, ಕಬ್ಬಿಣ ತುಕ್ಕಾಗಿ ಬೇರ್ಪಟ್ಟ ಗುರುತು ಅದು. ಕ್ಲೋರಿನ್ 3–4ರಲ್ಲಿ ಹಿಡಿದು, 350 ಗ್ರಾಂ ಪಟಿಕವನ್ನು ಬಕೆಟಿನಲ್ಲಿ ಕರಗಿಸಿ ಸುತ್ತ ಚೆಲ್ಲಿ. ಮಲ್ಟಿಪೋರ್ಟ್ ವಾಲ್ವನ್ನು (ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ವಾಲ್ವ್) ಮರಳು ಹಾಯದೆ ನೀರು ಸುತ್ತುವ 'ರೀಸರ್ಕ್ಯುಲೇಟ್'ನಲ್ಲಿಟ್ಟು ಎರಡು ಗಂಟೆ ಪಂಪ್ ಓಡಿಸಿ, ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ತಳದಲ್ಲಿ ಕೂತ ಕೆಸರನ್ನು ನಿಧಾನವಾಗಿ ವ್ಯಾಕ್ಯೂಮ್ ಮಾಡಿ 'ವೇಸ್ಟ್'ಗೆ ಬಿಡಿ. ಫಿಲ್ಟರ್ ಮೂಲಕ ಎಳೆದರೆ ಪಟಿಕದ ಜೇಡು ಮರಳನ್ನು ಹೆಪ್ಪುಗಟ್ಟಿಸುತ್ತದೆ. ನೀರು ತಿಳಿಯಾದ ಮೇಲೆಯೇ ಕ್ಯಾಲ್ಸಿಯಂ ಕ್ಲೋರೈಡ್, 77 ಶೇಕಡಾದ ಚಕ್ಕೆ 9 ಕೆ.ಜಿ., ಮೂರು ದಿನಕ್ಕೆ ಹಂಚಿ. ಬಕೆಟಿನ ನೀರಿಗೆ ಚಕ್ಕೆ ಹಾಕಿ, ಚಕ್ಕೆಯ ಮೇಲೆ ನೀರು ಸುರಿಯಬೇಡಿ. ಚೆನ್ನಾಗಿ ಬಿಸಿಯಾಗುತ್ತದೆ.

ಕ್ಲೋರಿನ್ ಬಗ್ಗೆ: ಊರಿನ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಮೂರನೇ ಒಂದು ಪಾಲು, ಉಳಿದದ್ದು ಹೆಚ್ಚಾಗಿ ಸುಣ್ಣ. ಬಾವಿಗೆ ಸರಿ, ಕೊಳದಲ್ಲಿ ನೀರನ್ನು ಬೆಳ್ಳಗೆ ಮಾಡುತ್ತದೆ. 65 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ತೆಗೆದುಕೊಳ್ಳಿ. ನಿಮ್ಮ ಕೊಳಕ್ಕೆ 1 ಮಿಲಿಗ್ರಾಂ ಏರಿಸಲು 54 ಗ್ರಾಂ, ದಿನಕ್ಕೆ 100 ಗ್ರಾಂ ಆಸುಪಾಸು, ಸಂಜೆ ಬಿಸಿಲು ಇಳಿದ ಮೇಲೆ. ಟಿಸಿಸಿಎ ಗುಳಿಗೆ (ಇನ್ನೊಂದು ಬಗೆಯ ಕ್ಲೋರಿನ್) ಸುಲಭವೇ, ಆದರೆ ಅದು ನೀರನ್ನು ಇನ್ನಷ್ಟು ಹುಳಿ ಮಾಡುತ್ತದೆ. ನಿಮ್ಮ ನೀರಿಗೆ ಹರಳೇ ಸರಿ. ಎರಡನ್ನೂ ಮನೆಯಲ್ಲಿಡುವುದಾದರೆ ಬೇರೆ ಬೇರೆ ಜಾಗದಲ್ಲಿಡಿ. ಒಂದರ ಚಮಚವನ್ನು ಇನ್ನೊಂದರ ಡಬ್ಬಿಗೆ ಹಾಕಿದರೂ ಬೆಂಕಿ ಹತ್ತಬಹುದು, ಸಿಡಿಯಬಹುದು.

ಮಳೆಗಾಲದಲ್ಲಿ ಈ ಲೆಕ್ಕವೆಲ್ಲ ಮತ್ತೆ ಕೆಡುತ್ತದೆ. ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ಕೊಳ 4 ಇಂಚು ಏರುತ್ತದೆ, ಅಂಚಿಗೆ ಉಳಿದಿರುವುದು 6 ಇಂಚು. ಆದ್ದರಿಂದ ನೀರಿನ ಮಟ್ಟಕ್ಕಿಂತ ಒಂದು ಇಂಚು ಮೇಲೆ 110 ಮಿ.ಮೀ. ಓವರ್‌ಫ್ಲೋ ಪೈಪ್ ಹಾಕಿಸಿ. 1,000 ಮಿ.ಮೀ. ಮಳೆಯಾದರೆ ಕೊಳದ ಮೇಲೆ ಬಿದ್ದ ನೀರೇ 26–27 ಸಾವಿರ ಲೀಟರ್. ಹಾಕಿದ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ಹರಿದು ಹೋಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಕ್ಷಾರೀಯತೆ ಅಳೆಯಿರಿ, 70ಕ್ಕೆ ಇಳಿದರೆ ಒಂದು ಕೆ.ಜಿ. ಸೋಡಾ.

ಬ್ಯಾಕ್‌ವಾಶ್ ನೀರು (ಫಿಲ್ಟರನ್ನು ಹಿಮ್ಮುಖವಾಗಿ ತೊಳೆದ ನೀರು) ಬಾವಿಯ ಕಡೆಗೆ ಹೋಗಕೂಡದು. ಫಿಲ್ಟರಿನ ಒತ್ತಡದ ಮೀಟರ್, ಫಿಲ್ಟರ್ ತೊಳೆದ ದಿನಕ್ಕಿಂತ 0.5 ಬಾರ್ ಏರಿದಾಗ ಮೂರು ನಿಮಿಷ ಬ್ಯಾಕ್‌ವಾಶ್ ಮಾಡಿದರೆ 400 ಲೀಟರ್ ಹೋಗುತ್ತದೆ. ಒಂದು 500 ಲೀಟರ್ ಟ್ಯಾಂಕಿಗೆ ಹಿಡಿದು, ಮುಚ್ಚದೆ ಎರಡು ದಿನ ಬಿಸಿಲಿಗೆ ಬಿಟ್ಟರೆ ಕ್ಲೋರಿನ್ ಹೋಗುತ್ತದೆ. ಆಮೇಲೆ ಬಾವಿಯಿಂದ ದೂರದ ತೆಂಗಿನ ಬುಡಕ್ಕೆ ಹಾಕಬಹುದು.

ನೀಲಿಟೈಲ್

ಮುಗಿತಾಯದ ಕೆಲಸ ಯಾರೂ ಹೇಳಲಿಲ್ಲ, ಅದನ್ನು ಸೇರಿಸುತ್ತೇನೆ. ಕಾಂಕ್ರೀಟ್‌ಗೆ 28 ದಿನ ಆದ ಮೇಲೆ, ಗಾರೆಗೂ ಹೊರಗಿನ ಮಣ್ಣು ತುಂಬುವುದಕ್ಕೂ ಮುಂಚೆ ನೀರು ತುಂಬಿ ಪರೀಕ್ಷೆ ಮಾಡಿ. ದಿನಕ್ಕೆ ಎರಡು ಅಡಿಯಂತೆ ತುಂಬಿಸಿ, ಕಾಂಕ್ರೀಟ್ ಕುಡಿಯುವಷ್ಟು ಕುಡಿಯಲಿ ಎಂದು ಒಂದು ವಾರ ಬಿಡಿ. ಆಮೇಲೆ ಮೆಟ್ಟಿಲ ಮೇಲೆ ಒಂದು ಬಕೆಟ್ ಇಟ್ಟು ಒಳಗೂ ಹೊರಗೂ ನೀರು ಒಂದೇ ಮಟ್ಟಕ್ಕಿರುವಂತೆ ಮಾಡಿ, ಎರಡಕ್ಕೂ ಗುರುತು ಹಾಕಿ. ಎರಡೂ ಒಂದೇ ಸಮ ಇಳಿದರೆ ಆವಿ. ಕೊಳ ಹೆಚ್ಚು ಇಳಿದರೆ ಸೋರಿಕೆ. ಹೊರಗೆ ಮಣ್ಣು ತುಂಬದೆ ಇರುವುದರಿಂದ ಒದ್ದೆ ಕಲೆ ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಈ ಅವಕಾಶ ಇನ್ನೊಮ್ಮೆ ಸಿಗುವುದಿಲ್ಲ, ಗುತ್ತಿಗೆದಾರರು ಎಷ್ಟೇ ಆತುರಪಡಿಸಿದರೂ ಬಿಡಬೇಡಿ. ಮೂರನೆಯ ಕಂತಿನ ಹಣವನ್ನು ಈ ಪರೀಕ್ಷೆಗೆ ಕಟ್ಟಿಡಿ.

ನೀರು ತೆಗೆದ ಮೇಲೆ ಮೂಲೆಗಳಿಗೆ ಗೋಲಾಕಾರದ ಗಾರೆ, ಆಮೇಲೆ ಪಾಲಿಮರ್ ಸಿಮೆಂಟಿನ ವಾಟರ್‌ಪ್ರೂಫ್ ಲೇಪ ಎರಡು ಕೋಟ್, ಒಂದು ಅಡ್ಡ, ಒಂದು ಉದ್ದ. ಟೈಲ್ ಬೇಕಾಗುವುದು 630 ಚದರ ಅಡಿ, ಒಡೆಯುವುದಕ್ಕೆ ಶೇಕಡಾ 7–8 ಸೇರಿಸಿ. ನೀರು ಹೀರುವುದು 0.5 ಶೇಕಡಾಕ್ಕಿಂತ ಕಡಿಮೆ ಇರುವ ಟೈಲನ್ನು ಈಜುಕೊಳಕ್ಕೆಂದೇ ಇರುವ ಅಂಟಿನಲ್ಲಿ ಕೂರಿಸಿ, ಸಂದಿಗೆ ಎಪಾಕ್ಸಿ ಹಾಕಿ. ನಿಮ್ಮ ಹುಳಿ ನೀರಿಗೆ ಸಿಮೆಂಟ್ ಸಂದು ಬೇಡವೇ ಬೇಡ. ಸಿಮೆಂಟ್ ಹಾಲಿನಲ್ಲಿ ಅಂಟಿಸಿದ ಟೈಲ್‌ನ ಬೆನ್ನ ಹಿಂದೆ ಟೊಳ್ಳು ಉಳಿಯುತ್ತದೆ. ಬೆರಳಿನಿಂದ ಕುಟ್ಟಿದರೆ ಗೊತ್ತಾಗುತ್ತದೆ, ಟೊಳ್ಳು ಸದ್ದು ಬಂದದ್ದನ್ನು ಆಗಲೇ ತೆಗೆಸಿ. ಕೊನೆಯ ಸಂದು ತುಂಬಿ ಎರಡು ವಾರ ಬಿಟ್ಟು ನೀರು ಹಾಯಿಸಿ.

ಸುತ್ತ ತುಂಬುವ ಮಣ್ಣು ಅಗೆದ ಶೇಡಿಯಾಗಿರಬಾರದು. ಮುರದ ಪುಡಿಮಣ್ಣನ್ನು ಎಂಟೆಂಟು ಇಂಚಿನ ಪದರವಾಗಿ ಹಾಕಿ, ನೀರು ಚಿಮುಕಿಸಿ, ಯಂತ್ರದಲ್ಲಿ ಧಮ್ಮಸು ಮಾಡಿ. ಇಲ್ಲದಿದ್ದರೆ ಮೊದಲ ಮಳೆಗೇ ಸುತ್ತಲಿನ ಹಾಸುಗಲ್ಲು ಕುಸಿದು ಸ್ಕಿಮ್ಮರ್ ಪೈಪ್ ಎಳೆದುಕೊಂಡು ಮುರಿಯುತ್ತದೆ.

ಮಕ್ಕಳ ವಿಷಯ. ಒಂದೂವರೆ ಅಡಿ ಎತ್ತರದ ಕಟ್ಟೆ ಬೇಲಿಯಲ್ಲ, ಹತ್ತಲು ಮೆಟ್ಟಿಲಾದೀತು. ಅದರಿಂದ ಮೂರು ಅಡಿ ದೂರದಲ್ಲಿ ನಾಲ್ಕು ಅಡಿ ಎತ್ತರದ ಕಂಬಿಬೇಲಿ ಹಾಕಿ. ಕಂಬಿಗಳ ನಡುವೆ 100 ಮಿ.ಮೀ.ಗಿಂತ ಕಡಿಮೆ ಅಂತರ, ಅಡ್ಡಪಟ್ಟಿ ಮಧ್ಯದಲ್ಲಿ ಬೇಡ, ಕಾಲಿಟ್ಟು ಹತ್ತುತ್ತಾರೆ. ಗೇಟು ಹೊರಕ್ಕೆ ತೆರೆಯಬೇಕು, ಕೈ ಬಿಟ್ಟರೆ ತಾನೇ ಮುಚ್ಚಬೇಕು, ಚಿಲಕ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ. ಅಡುಗೆಮನೆಯ ಹಿಂಬಾಗಿಲು ನೇರ ಕೊಳದ ಆವರಣಕ್ಕೆ ತೆರೆಯುವಂತಿದ್ದರೆ ಬೇಲಿಯನ್ನು ಬಾಗಿಲು ಮತ್ತು ಕೊಳದ ನಡುವೆ ತನ್ನಿ. ಬೇಲಿ ಆಗುವ ಮೊದಲೇ ಕೊಳದಲ್ಲಿ ನೀರು ಇರುತ್ತದೆ ಅನ್ನುವುದು ನೆನಪಿರಲಿ: ಸೋರಿಕೆ ಪರೀಕ್ಷೆಯ ದಿನಗಳಿಗೆ ಹಸಿರು ಬಲೆಯಾದರೂ ಸುತ್ತ ಕಟ್ಟಿಸಿ.

ಹಿತ್ತಲಮನೆ_ಉಡುಪಿ

ಇಂಜಿನಿಯರಿಗೆ ಖಾಲಿ ಕೊಳದ ಲೆಕ್ಕವನ್ನೂ ಕೊಡಲು ಹೇಳುತ್ತೇನೆ, ತೂತಿನ ಪೈಪ್‌ನ ಮಟ್ಟವನ್ನು ಗದ್ದೆಯವರೆಗೆ ನೀರುಮಟ್ಟದ ಟ್ಯೂಬ್ ಹಿಡಿದು ಅಳೆಸುತ್ತೇನೆ. ಒಂದು ಪ್ರಶ್ನೆ ಉಳಿದಿದೆ: ಜುಲೈಯಲ್ಲಿ ಗದ್ದೆಯಲ್ಲಿ ಅರ್ಧ ಅಡಿ ನೀರು ನಿಂತಿರುತ್ತದೆ. ಅದು ಪೈಪ್‌ನಲ್ಲಿ ಹಿಂದಕ್ಕೆ ಬಾರದೇ?

ಕಂಬಿ_ಕಾಂಕ್ರೀಟ್

ಬರುವುದಿಲ್ಲ, ಆದರೆ ಅಂಚು ತೀರ ಕಡಿಮೆ. ಪೈಪ್‌ನ ಬಾಯಿ ಹಿತ್ತಲ ಮಟ್ಟದಿಂದ 4.6 ಅಡಿ ಕೆಳಗೆ ಬರುತ್ತದೆ, ಗದ್ದೆಯ ನೀರಿನ ಮೇಲ್ಮೈ 4.5 ಅಡಿ ಕೆಳಗೆ. ಬಾಯಿ ಸ್ವಲ್ಪ ಮುಳುಗಬಹುದು. ಕೊಳದ ಹತ್ತಿರದ ತುದಿ 4 ಅಡಿಯಲ್ಲಿ ಇರುವುದರಿಂದ ಅಲ್ಲಿಗೆ ನೀರು ಏರುವುದಿಲ್ಲ. ಆದರೂ ಇಳಿಜಾರನ್ನು ನೂರೈವತ್ತಕ್ಕೆ ಒಂದು ಮಾಡಿ, ಬಾಯಿ 4.4 ಅಡಿಗೆ ಬಂದು ನೀರಿನ ಮೇಲೆ ಉಳಿಯುತ್ತದೆ. ಬಾಯಿಗೆ ಇಲಿ, ಏಡಿ ನುಗ್ಗದಂತೆ ಸ್ಟೇನ್‌ಲೆಸ್ ಜಾಲರಿ ಕಟ್ಟಿ, ಮೇ ಕೊನೆಯ ವಾರ ಒಮ್ಮೆ ಬಿಚ್ಚಿ ತೊಳೆಯಿರಿ.